‘ಮೈ’ ಅಂದರೆ ಉಂಟು, ‘ವಲಾ’ ಅಂದರೆ ಇಲ್ಲ

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಗೆಳೆಯರ ಬಳಗದ ಮುಂದೆ ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯ ಬಗ್ಗೆ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯದೊಳಗೇ ಸೇರಿಸಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಬಾಗಿಲಿನಿಂದಲೇ ಶುರು ಮಾಡುತ್ತೇನೆ.

ಫಿಲಿಪ್ಪೀನ್ಸಿನ ಲಗೂನಾ ಪ್ರಾಂತ್ಯದಲ್ಲಿ ಲೋಸ್ ಬಾನ್ಯೋಸ್ ಅಂತ ಒಂದು ಊರು. 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ. ನಮ್ಮ ಮನೆಯವರಿಗೆ ಅಲ್ಲಿ ಕೆಲಸ ಸಿಕ್ಕಿ ನಾವು ಹೋಗಿ ಇಳಿದ ವಾರ, ಮಾರ್ಕೆಟಿನಲ್ಲಿ ತರಕಾರಿ ಕೊಳ್ಳುತ್ತಾ ಇದ್ದವಳಿಗೆ ಅವಸರ ಆಯಿತು. ಅಲ್ಲಿ ಶೌಚಾಲಯಕ್ಕೆ ಎಲ್ಲರೂ ‘ಸಿ ಆರ್’ ಅನ್ನುತ್ತಾರೆ. ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಒಂದು ಹೆಣ್ಣುದನಿ: ‘ಮೈ ತಾಓ!’

ನನಗೆ ಗೊತ್ತಿದ್ದದ್ದು ‘ಸಲಾಮತ್’ ಒಂದೇ, ಅಂದರೆ ಥ್ಯಾಂಕ್ಸ್. ಏನೋ ಒಳಗೆ ಬಾ ಅಂದರೇನೋ ಅಂತ ಇನ್ನೊಮ್ಮೆ ತಳ್ಳಿದೆ. ‘ಮೈ ತಾಓ!’ ಈ ಸಲ ದನಿ ಜೋರಾಗಿತ್ತು. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಹುಡುಗಿ ನಕ್ಕು ಕೈಯಲ್ಲಿ ‘ತಡೀರಿ’ ಎಂದು ಸನ್ನೆ ಮಾಡಿದಳು.

‘ತಾಓ’ ಅಂದರೆ ಮನುಷ್ಯ. ‘ಮೈ ತಾಓ’ ಅಂದರೆ ‘ಜನ ಉಂಟು’. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಾದರೆ ‘ಇದೀನಿ’ ಅನ್ನುತ್ತೇವೆ, ಇಲ್ಲಾ ಸುಮ್ಮನೆ ಕೆಮ್ಮುತ್ತೇವೆ. ಆಕೆ ತಾನು ಇರುವ ಸಂಗತಿಯನ್ನು ಯಾರೋ ಒಬ್ಬರು ಇದ್ದಾರೆ ಅನ್ನುವ ಹಾಗೆ ಹೇಳಿದಳು. ನಾನು ಕಲಿತ ಮೊದಲ ತಗಾಲೋಗ್ ವಾಕ್ಯ ಇದು. ಇವತ್ತು ನಾವು ನೋಡಬೇಕಾದ ವ್ಯಾಕರಣದ ಅರ್ಧಭಾಗ ಈ ಎರಡು ಪದದೊಳಗೇ ಇದೆ.

ಭಾಷೆಯ ಪರಿಚಯ ಬೇಗ ಮುಗಿಸುತ್ತೇನೆ. ಮನಿಲಾ ನಗರ, ಅದರ ದಕ್ಷಿಣದ ಲಗೂನಾ, ಬತಾಂಗಾಸ್, ಇವೆಲ್ಲ ತಗಾಲೋಗ್ ಸೀಮೆ. ನೂರಕ್ಕೂ ಮಿಕ್ಕಿ ಭಾಷೆಗಳಿರುವ ಆ ದೇಶದಲ್ಲಿ 1937ರಲ್ಲಿ ತಗಾಲೋಗನ್ನು ಆಧಾರ ಮಾಡಿಕೊಂಡು ಒಂದು ರಾಷ್ಟ್ರಭಾಷೆ ಕಟ್ಟುವುದೆಂದು ತೀರ್ಮಾನವಾಯಿತು. 1987ರ ಸಂವಿಧಾನ ಅದಕ್ಕೆ ‘ಫಿಲಿಪಿನೋ’ ಎಂಬ ಹೆಸರು ಕೊಟ್ಟಿದೆ. ನಮಗೆ ನಿಮಗೆ ಬೇಕಾದ ಮಟ್ಟದಲ್ಲಿ ಎರಡೂ ಒಂದೇ ಅಂದುಕೊಳ್ಳಿ. ಮಕ್ಕಳನ್ನು ಮೆಡಿಕಲ್ ಓದಲು ದವಾವೊಗೆ ಕಳಿಸಿರುವವರು ಇಲ್ಲಿ ಕೂತಿದ್ದೀರಿ. ಅಲ್ಲಿನ ಜನ ಮನೆಯಲ್ಲಿ ಆಡುವುದು ಬಿಸಾಯಾ, ‘ಉಂಟು’ ಅನ್ನುವುದಕ್ಕೆ ಅವರಲ್ಲಿ ಬೇರೆ ಮಾತುಗಳಿವೆ. ಆದರೆ ‘ವಲಾ’ ಅಲ್ಲೂ ವಲಾ.

ತಗಾಲೋಗ್ ಕನ್ನಡದ ನೆಂಟ ಅಲ್ಲ. ಅದರ ದಾಯಾದಿಗಳು ಮಲಯ್, ಜಾವಾದ ಭಾಷೆ, ಆ ಕಡೆ ಹವಾಯಿ, ಈ ಕಡೆ ಮಡಗಾಸ್ಕರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇನ್ನು ಮುಂದೆ ನಾನು ಕನ್ನಡದ ಜೊತೆ ಹೋಲಿಸುತ್ತಲೇ ಹೋಗುತ್ತೇನೆ, ಮನೆಗೆ ಹೋಗಿ ಯಾರೂ ‘ಫಿಲಿಪಿನೋಗಳು ಮೂಲತಃ ಕನ್ನಡಿಗರಂತೆ’ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ.

ಹೋಲಿಕೆ ಯಾಕೆ ಬೇಕು? ನನ್ನ ಕೈಗೆ ಸಿಕ್ಕ ಕಲಿಕೆಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷಿನಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದ ಇದೆ. ನಾನು ಕರ್ತೃ, ದುಡ್ಡು ಕರ್ಮ, ನಾನು ದುಡ್ಡನ್ನು ಏನೋ ಮಾಡುತ್ತಿದ್ದೇನೆ. ಅಂಥ ಕ್ರಿಯಾಪದ ತಗಾಲೋಗಿನಲ್ಲಿ ಇಲ್ಲ. ಹಾಗಾಗಿ ಆ ಪುಸ್ತಕಗಳು ಅಧ್ಯಾಯಗಟ್ಟಲೆ ಇಂಗ್ಲಿಷ್ ಓದುಗರನ್ನು ಸಮಾಧಾನ ಮಾಡುತ್ತವೆ. ಆ ಸಮಾಧಾನ ನನಗೇಕೆ? ಕನ್ನಡದಲ್ಲೂ ಆ ಕ್ರಿಯಾಪದ ಇಲ್ಲವಲ್ಲ! ‘ನನ್ನ ಹತ್ತಿರ ದುಡ್ಡಿದೆ’ ಅನ್ನುತ್ತೇವೆ. ಇರುವುದು ದುಡ್ಡು, ನಾನು ಬರೀ ಒಂದು ಜಾಗ. ಮೂರು ತಿಂಗಳು ಇಂಗ್ಲಿಷ್ ದಾರಿಯಲ್ಲಿ ಸುತ್ತಿದ ಮೇಲೆ ಒಂದು ದಿನ ಪುಸ್ತಕ ಮುಚ್ಚಿಟ್ಟು ಪುತ್ತೂರಿನ ಕನ್ನಡದಲ್ಲಿ ಯೋಚನೆ ಮಾಡಿದೆ. ಆಮೇಲೆ ಎಲ್ಲ ಸಲೀಸಾಯಿತು.

ನಾನು ಪುತ್ತೂರಿನವಳು. ನೀವು ಮೈಸೂರಿನವರು ‘ಇದೆ’ ಅನ್ನುವ ಕಡೆ ನಾವು ‘ಉಂಟು’ ಅನ್ನುತ್ತೇವೆ. ಅಂಗಡಿಗೆ ಹೋಗಿ ‘ಸಕ್ಕರೆ ಉಂಟಾ?’ ಅಂದರೆ ಅಂಗಡಿಯವರು ‘ಉಂಟು’ ಅಥವಾ ‘ಇಲ್ಲ’. ಈ ‘ಉಂಟು’ ಹುಟ್ಟಿದ್ದು ‘ಉಳ್’ ಎಂಬ ಹಳೆಯ ಧಾತುವಿನಿಂದ. ಅದೇ ಧಾತುವಿನ ಇನ್ನೊಂದು ಮಗು ‘ಉಳ್ಳ’: ಗುಣವುಳ್ಳ, ಬುದ್ಧಿಯುಳ್ಳ, ಹಣವುಳ್ಳವರು. ಬರೀ ‘ಉಳ್ಳವರು’ ಅಂದರೂ ಸಾಕು, ವಚನ ಓದಿದವರಿಗೆ ಅದು ಸಿರಿವಂತರು ಎಂದು ಗೊತ್ತು. ಅಂದರೆ ‘ಉಳ್’ ಒಂದೇ ಧಾತು ಎರಡು ಕೆಲಸ ಮಾಡುತ್ತದೆ. ಏನೋ ಒಂದು ಇದೆ ಅನ್ನುವುದು ‘ಉಂಟು’, ಅದು ಒಬ್ಬರ ಪಾಲಿಗೆ ಇದೆ ಅನ್ನುವುದು ‘ಉಳ್ಳ’.

ತಗಾಲೋಗಿನ ‘ಮೈ’ ಮಾಡುವುದೂ ಇದೇ ಎರಡು ಕೆಲಸ. ‘ಮೈ ಪೇರಾ’, ದುಡ್ಡು ಉಂಟು. ‘ಮೈ ಪೇರಾ ಅಕೋ’, ನಾನು ದುಡ್ಡುಳ್ಳವಳು. ಅಷ್ಟೇ. ಇದ್ದ ವಾಕ್ಯದ ಕೊನೆಗೆ ‘ಅಕೋ’, ಅಂದರೆ ‘ನಾನು’, ಎಂದು ಅಂಟಿಸಿದರೆ ಇರುವಿಕೆ ಹೋಗಿ ಒಡೆತನ ಬಂತು. ‘ನನಗೆ’ ಅಲ್ಲ, ‘ನನ್ನ ಹತ್ತಿರ’ ಅಲ್ಲ, ನೇರ ‘ನಾನು’. ಕನ್ನಡಿಗರು ಎಡವುವುದು ಇಲ್ಲೇ, ವಿಭಕ್ತಿ ಹುಡುಕುತ್ತಾ ನಿಂತುಬಿಡುತ್ತಾರೆ. ನಮ್ಮಲ್ಲಿ ದುಡ್ಡಾದರೆ ‘ನನ್ನ ಹತ್ತಿರ’, ಮಕ್ಕಳಾದರೆ ‘ನನಗೆ’, ಒಳ್ಳೆಯ ಗುಣವಾದರೆ ‘ಅವರಲ್ಲಿ’, ಬಾಗಿಲಾದರೆ ‘ಮನೆಗೆ’. ಪ್ರತಿಯೊಂದಕ್ಕೂ ಬೇರೆ ಪ್ರತ್ಯಯ. ತಗಾಲೋಗಿಗೆ ಆ ಗೊಡವೆ ಇಲ್ಲ. ಮಕ್ಕಳಿದ್ದರೆ ‘ಮೈ ಅನಾಕ್ ಅಕೋ’. ಮನೆಗೆ ಎರಡು ಬಾಗಿಲಿದ್ದರೆ ‘ಮೈ ದಲವಾಙ್ ಪಿಂತೋ ಆಙ್ ಬಾಹೈ’, ಎರಡು ಬಾಗಿಲುಳ್ಳದ್ದು ಮನೆ. (‘ಆಙ್’ ಅನ್ನುವುದು ಯಾವುದರ ಬಗ್ಗೆ ಮಾತೋ ಅದರ ಹಿಂದೆ ಬರುವ ಗುರುತು.) ಮಗುವಿಗೆ ಜ್ವರ ಬಂದಿದ್ದರೆ ‘ಮೈ ಲಗ್ನಾತ್ ಆಙ್ ಬಾತಾ’. ಹೌದು, ಜ್ವರಕ್ಕೆ ಅವರು ‘ಲಗ್ನಾತ್’ ಅನ್ನುತ್ತಾರೆ. ಇದನ್ನು ಹೇಳಿದಾಗ ಧಾರವಾಡದ ನನ್ನ ಗೆಳತಿ ‘ಅಲ್ಲೇನು ಫರಕ್ ಐತಿ ಬಿಡ್ರಿ’ ಅಂದಳು.

ಉಚ್ಚಾರದ ಬಗ್ಗೆ ಒಂದು ಮಾತು. ಹಲಗೆಯ ಮೇಲೆ ‘ಙ್’ ನೋಡಿ ನಿಮ್ಮಲ್ಲಿ ಕೆಲವರು ನಕ್ಕಿರಿ. ಒಂದನೇ ಕ್ಲಾಸಿನಲ್ಲಿ ‘ಕ ಖ ಗ ಘ ಙ’ ಎಂದು ಉರುಹೊಡೆದ ಮೇಲೆ ಆ ಅಕ್ಷರವನ್ನು ಯಾರೂ ಹೊರಗೆ ತೆಗೆದಿಲ್ಲ. ತಗಾಲೋಗಿನಲ್ಲಿ ಅದಕ್ಕೆ ದಿನವಿಡೀ ದುಡಿಮೆ. ‘ಙಯೋನ್’ ಅಂದರೆ ಈಗ, ‘ಙೀಪಿನ್’ ಅಂದರೆ ಹಲ್ಲು, ಪದದ ಮೊದಲಿಗೇ ಬರುತ್ತದೆ. ಇನ್ನೂ ಮುಖ್ಯವಾಗಿ, ಎರಡು ಪದಗಳನ್ನು ಬೆಸೆಯುವ ಅಂಟು ಅದು. ಸ್ವರದಲ್ಲೋ ‘ನ್’ನಲ್ಲೋ ಮುಗಿದ ಪದಕ್ಕೆ ಈ ‘ಙ್’ ಹಚ್ಚಿ ಮುಂದಿನ ಪದಕ್ಕೆ ಕೂಡಿಸುತ್ತಾರೆ. ದಲವಾ ಅಂದರೆ ಎರಡು, ದಲವಾಙ್ ಪಿಂತೋ ಅಂದರೆ ಎರಡು ಬಾಗಿಲು.

ಈಗ ‘ವಲಾ’ಕ್ಕೆ ಬರೋಣ. ನನ್ನನ್ನು ಕೇಳಿದರೆ ಕನ್ನಡಿಗರು ತಗಾಲೋಗನ್ನು ‘ಇಲ್ಲ’ದಿಂದ ಶುರು ಮಾಡಬೇಕು, ‘ಉಂಟು’ವಿನಿಂದ ಅಲ್ಲ. ಯಾಕೆಂದರೆ ‘ಇಲ್ಲ’ ಮತ್ತು ‘ಅಲ್ಲ’ ಬೇರೆ ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ನಾನು ಡಾಕ್ಟರ್ ಅಲ್ಲ’, ‘ಇಲ್ಲಿ ಡಾಕ್ಟರ್ ಇಲ್ಲ’. ಇದನ್ನು ಅದಲುಬದಲು ಮಾಡಿದ ಕನ್ನಡದ ಮಗು ಸಿಕ್ಕುವುದಿಲ್ಲ. ಇಂಗ್ಲಿಷಿನಿಂದ ಬಂದವರು ಇಲ್ಲಿ ಒದ್ದಾಡುತ್ತಾರೆ, ನಮಗಿದು ಹುಟ್ಟಿನಿಂದಲೇ ಬಂದದ್ದು. ತಗಾಲೋಗಿನಲ್ಲಿ ‘ಇಲ್ಲ’ಕ್ಕೆ ವಲಾ, ‘ಅಲ್ಲ’ಕ್ಕೆ... ನಗಬಾರದು... ‘ಹಿಂದಿ’.

(ನಕ್ಕರು. ಹಿಂದಿನ ಸಾಲಿನಿಂದ ಯಾರೋ ‘ಅದನ್ನೇ ನಾವೂ ಹೇಳ್ತಿರೋದು’ ಅಂದರು. ಅದು ಬೇರೆ ಉಪನ್ಯಾಸ ಎಂದು ಮುಂದೆ ಹೋದೆ.)

‘ಹಿಂದೀ ಅಕೋ ದೊಕ್ತೋರ್’, ನಾನು ಡಾಕ್ಟರ್ ಅಲ್ಲ. ‘ಹಿಂದೀ ಆಕಿನ್ ಇತೋ’, ಇದು ನನ್ನದಲ್ಲ. ‘ವಲಾ ಅಕೋಙ್ ಪೇರಾ’, ನನ್ನ ಹತ್ತಿರ ದುಡ್ಡಿಲ್ಲ. ‘ವಲಾಙ್ ತೂಬಿಗ್’, ನೀರಿಲ್ಲ. ‘ವಲಾಙ್ ಕುರ್ಯೆಂತೆ’, ಕರೆಂಟಿಲ್ಲ. ಒಂದು ಕಡೆ ಮಾತ್ರ ನಮ್ಮ ಲೆಕ್ಕ ತಪ್ಪುತ್ತದೆ. ಕ್ರಿಯಾಪದವನ್ನು ನಾವು ‘ಇಲ್ಲ’ದಿಂದ ಅಲ್ಲಗಳೆಯುತ್ತೇವೆ, ಹೋಗಲಿಲ್ಲ, ಬರುವುದಿಲ್ಲ. ಅವರು ಅಲ್ಲಿ ‘ಹಿಂದೀ’ ಬಳಸುತ್ತಾರೆ. ‘ಹಿಂದೀ ಅಕೋ ಪುಮುಂತಾ’, ನಾನು ಹೋಗಲಿಲ್ಲ. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ, ಉಳಿದದ್ದಕ್ಕೆ ಕನ್ನಡದ ಕಿವಿ ಸಾಕು.

ಮಳೆಗಾಲದಲ್ಲಿ ಚಂಡಮಾರುತ ಬರುವ ಹಿಂದಿನ ರಾತ್ರಿ ಅಲ್ಲಿನ ಮಕ್ಕಳೆಲ್ಲ ಕಾಯುವುದು ಎರಡು ಪದಕ್ಕೆ: ‘ವಲಾಙ್ ಪಾಸೋಕ್’. ಪಾಸೋಕ್ ಅಂದರೆ ಒಳಗೆ ಹೋಗುವುದು. ಒಳಗೆ ಹೋಗುವುದಿಲ್ಲ, ಅಂದರೆ ನಾಳೆ ಸ್ಕೂಲಿಗೆ ರಜ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ಆದೇಶಕ್ಕೆ ಮಕ್ಕಳು ಕಾಯುತ್ತಾರಲ್ಲ, ಥೇಟ್ ಹಾಗೆಯೇ.

ಈಗ ನನಗೆ ತುಂಬ ಇಷ್ಟದ ಭಾಗ. ‘ಪಾ’ ಮತ್ತು ‘ನಾ’ ಎಂಬ ಎರಡು ಪುಟ್ಟ ಅವ್ಯಯಗಳಿವೆ. ‘ಪಾ’ ಅಂದರೆ ಸರಿಸುಮಾರು ‘ಇನ್ನೂ’, ‘ನಾ’ ಅಂದರೆ ‘ಆಗಲೇ’. ಒಂದು ದಿನ ಮಗಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ‘ವಲಾ ಪಾ ಪೋ ಸಿ ದೋಕ್’ ಅಂದಳು ಬಾಗಿಲ ಹುಡುಗಿ. ‘ಪೋ’ ಬರೀ ಮರ್ಯಾದೆಯ ಮಾತು, ಡಾಕ್ಟರ್ ಇನ್ನೂ ಬಂದಿಲ್ಲ. ಕೂತೆ. ಮಧ್ಯೆ ಮಗಳಿಗೆ ಹಸಿವು, ಬ್ರೆಡ್ ತರಲು ಎದುರಿನ ಬೇಕರಿಗೆ ಹೋಗಿ ಬಂದೆ. ಆ ಹೊತ್ತಿಗೆ ಹುಡುಗಿ ‘ವಲಾ ನಾ ಪೋ ಸಿ ದೋಕ್’ ಅಂದಳು. ನನಗೆ ಎರಡೂ ಒಂದೇ ಥರ ಕೇಳಿಸಿತು, ಇನ್ನೂ ಒಂದು ಗಂಟೆ ಕಾದೆ. ಡಾಕ್ಟರು ಯಾವುದೋ ತುರ್ತು ಕರೆ ಬಂದು ನಾನು ಬೇಕರಿಯಲ್ಲಿದ್ದಾಗಲೇ ಹೊರಟುಹೋಗಿದ್ದರು. ಒಂದು ‘ಪಾ’, ಒಂದು ‘ನಾ’. ಮೊದಲನೆಯದು ಇನ್ನೂ ಬಂದಿಲ್ಲ, ಎರಡನೆಯದು ಇನ್ನು ಇಲ್ಲ.

ಕನ್ನಡದಲ್ಲಿ ಇದೇ ಸೂಕ್ಷ್ಮ ಒಂದು ದೀರ್ಘದಲ್ಲಿ ನಿಂತಿದೆ ಗಮನಿಸಿ. ‘ಇನ್ನೂ ಇಲ್ಲ’ ಅಂದರೆ ಬರಬಹುದು. ‘ಇನ್ನಿಲ್ಲ’ ಅಂದರೆ ಮುಗಿಯಿತು. ಪತ್ರಿಕೆಯಲ್ಲಿ ಯಾರದಾದರೂ ಹೆಸರಿನ ಮುಂದೆ ‘ಇನ್ನಿಲ್ಲ’ ಎಂದು ಕಂಡರೆ ಮುಂದೆ ಓದಬೇಕಾಗಿಯೇ ಇಲ್ಲ. ‘ವಲಾ ನಾ’ಕ್ಕೂ ಅದೇ ಭಾರ ಉಂಟು. ‘ವಲಾ ನಾ ಸಿಯಾ’ ಅಂದರೆ ಸಂದರ್ಭ ನೋಡಿಕೊಂಡು ‘ಅವರು ಹೊರಟುಹೋದರು’ ಅಂತಲೂ ಆಗುತ್ತದೆ, ‘ಅವರು ತೀರಿಹೋದರು’ ಅಂತಲೂ ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

‘ಮೈ’ಗೆ ಒಬ್ಬ ಅಣ್ಣ ಇದ್ದಾನೆ, ‘ಮೈರೋಓನ್’. ಮೈ ಜೊತೆಗೆ ‘ದೋಓನ್’, ಅಂದರೆ ‘ಅಲ್ಲಿ’, ಸೇರಿ ಆದದ್ದು. ಆಡುಮಾತಿನಲ್ಲಿ ಸವೆದು ‘ಮೇರೋನ್’ ಆಗಿದೆ. ಅರ್ಥ ಎರಡಕ್ಕೂ ಒಂದೇ, ನಡತೆ ಬೇರೆ. ‘ಮೈ’ಗೆ ಒಂಟಿಯಾಗಿ ನಿಲ್ಲಲು ಬರುವುದಿಲ್ಲ, ಅದರ ಬೆನ್ನಿಗೇ ವಸ್ತುವಿನ ಹೆಸರು ಬರಬೇಕು, ನಡುವೆ ಏನೂ ತೂರಬಾರದು. ‘ಮೈ ಅಸೂಕಲ್ ಪೋ ಬಾ ಕಯೋ?’, ನಿಮ್ಮಲ್ಲಿ ಸಕ್ಕರೆ ಉಂಟಾ? ಇಲ್ಲಿ ‘ಪೋ’ ಮರ್ಯಾದೆಗೆ, ‘ಬಾ’ ಪ್ರಶ್ನೆಗೆ, ‘ಕಯೋ’ ಅಂದರೆ ನೀವು. ಎಲ್ಲ ಸಕ್ಕರೆಯ ನಂತರ ಸಾಲಾಗಿ ನಿಂತಿವೆ. ‘ಮೈರೋಓನ್’ ಆದರೆ ಇವನ್ನೆಲ್ಲ ಮೊದಲು ತನ್ನ ಪಕ್ಕ ಕೂರಿಸಿಕೊಂಡು ಆಮೇಲೆ ಸಕ್ಕರೆಯನ್ನು ಕರೆಯುತ್ತದೆ: ‘ಮೈರೋಓನ್ ಪೋ ಬಾ ಕಯೋಙ್ ಅಸೂಕಲ್?’ ನೋಡಿ, ಅಂಟಿನ ‘ಙ್’ ಹತ್ತಿದ್ದು ಸಾಲಿನ ಕೊನೆಯ ‘ಕಯೋ’ಗೆ. ‘ವಲಾ’ದ ನಡತೆಯೂ ಹೀಗೆಯೇ. ‘ವಲಾ ನಾ ಪೋ ಅಕೋಙ್ ಬರ್ಯಾ’, ನನ್ನ ಹತ್ತಿರ ಚಿಲ್ಲರೆ ಆಗಿಹೋಯಿತು ಸ್ವಾಮಿ. ಈ ವಾಕ್ಯ ಜೀಪ್ನಿಯಲ್ಲಿ, ಅಂದರೆ ಅಲ್ಲಿನ ಜೀಪಿನಂಥ ಬಸ್ಸಿನಲ್ಲಿ, ದಿನಾ ಬೇಕಾಗುತ್ತದೆ. ಡ್ರೈವರ್ ತಲೆಯ ಮೇಲೆ ‘ಬೆಳಗ್ಗೆ ಹೊತ್ತು ಚಿಲ್ಲರೆ ಮಾತ್ರ ಕೊಡಿ’ ಎಂಬ ಅರ್ಥದ ಚೀಟಿ ಅಂಟಿಸಿರುತ್ತಾರೆ. ನಮ್ಮ ಕಂಡಕ್ಟರುಗಳಿಗೆ ತೋರಿಸಬೇಕಿತ್ತು ಅದನ್ನು.

ಉತ್ತರ ಹೇಳುವಾಗ ‘ಮೇರೋನ್’ ಅಥವಾ ‘ವಲಾ’. ‘ಮೈ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳಿದವರು ಬಾಯಿ ನೋಡುತ್ತಾ ಇನ್ನೇನು ಬರುತ್ತದೆ ಎಂದು ಕಾಯುತ್ತಾರೆ.

ನಾನು ಇದನ್ನೆಲ್ಲ ಕಲಿತದ್ದು ನಮ್ಮ ಬೀದಿಯ ಸಾರಿ ಸಾರಿ ಅಂಗಡಿಯಲ್ಲಿ. ಮನೆಯ ಮುಂದಿನ ಕಿಟಕಿಯೇ ಅಂಗಡಿ, ಕಬ್ಬಿಣದ ಜಾಲರಿ, ಅದರಲ್ಲಿ ಒಂದು ಅಂಗೈ ಅಗಲದ ಕಿಂಡಿ. ಒಳಗೆ ಶಾಂಪೂ, ಕಾಫಿಪುಡಿ, ಸೋಯಾ ಸಾಸ್ ಎಲ್ಲ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಮಾಲೆಯ ಹಾಗೆ ನೇತಾಡುತ್ತಿರುತ್ತವೆ. ಒಂದು ಮೊಟ್ಟೆ, ಒಂದು ಸಿಗರೇಟು, ಬೇಕಾದಷ್ಟೇ ಬಿಡಿಬಿಡಿಯಾಗಿ ಕೊಡುತ್ತಾರೆ. ಅಂಗಡಿಯಾಕೆಗೆ ‘ಆತೆ’ ಅನ್ನಬೇಕು, ಅಂದರೆ ಅಕ್ಕ. ಗಂಡಸಾದರೆ ‘ಕುಯಾ’, ಅಣ್ಣ. ‘ಆತೆ, ಮೈ ಇತ್ಲೋಗ್ ಪೋ ಬಾ ಕಯೋ?’ ಅಕ್ಕಾ, ಮೊಟ್ಟೆ ಉಂಟಾ? ಹೆಸರು ಗೊತ್ತಿಲ್ಲದ ಸಾಮಾನಾದರೆ ಬೆರಳು ತೋರಿಸಿ ‘ಮೇರೋನ್ ಬಾ ಕಯೋ ನಿತೋ?’, ಇದು ಉಂಟಾ ನಿಮ್ಮಲ್ಲಿ? ಔಷಧಿ ಅಂಗಡಿಯಲ್ಲಿ ಚೀಟಿ ಮುಂದೆ ಹಿಡಿದು ಈ ಒಂದು ವಾಕ್ಯ ಹೇಳಿದರೆ ಸಾಕು. ಆರು ವರ್ಷ ನನ್ನ ಸಂಸಾರ ನಡೆದದ್ದು ಹೆಚ್ಚಾಗಿ ಈ ವಾಕ್ಯದ ಮೇಲೆಯೇ.

ಇನ್ನು ಕೀಲಿಕೈ ಪ್ರಸಂಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಕನ್ನಡಿಗರು ಬೀಳುವ ದೊಡ್ಡ ಗುಂಡಿ ಇದು.

ನಮ್ಮ ಮನೆ ಮಹಡಿಯ ಮೇಲೆ, ಕೆಳಗೆ ಮನೆಯ ಒಡತಿ. ವಯಸ್ಸಾದವರು, ನಾವೂ ಅವರನ್ನು ‘ನಾನಾಯ್’, ಅಮ್ಮ, ಅಂತಲೇ ಕರೆಯುತ್ತಿದ್ದೆವು. ಹಿತ್ತಿಲ ಗೇಟಿಗೆ ಇದ್ದದ್ದು ಒಂದೇ ಕೀಲಿಕೈ. ಒಂದು ಮಧ್ಯಾಹ್ನ ಕೆಳಗಿನಿಂದ ‘ನಸಾಅನ್ ಆಙ್ ಸೂಸಿ?’ ಎಂದು ಕೂಗಿದರು. ಕೀಲಿಕೈ ಎಲ್ಲಿ? ಅದು ನನ್ನ ಕೈಯಲ್ಲೇ ಇತ್ತು. ಹೊಸದಾಗಿ ಕಲಿತ ಹುಮ್ಮಸ್ಸಿನಲ್ಲಿ ನಾನು ಮೇಲಿಂದ ‘ಮೈ ಸೂಸಿ ಪೋ ಅಕೋ!’ ಅಂದೆ. ಕೀಲಿಕೈ ನನ್ನ ಹತ್ತಿರ ಇದೆ ಎಂದು ನನ್ನ ಲೆಕ್ಕ. ಅವರು ‘ಆ...’ ಎಂದು ಒಳಗೆ ಹೋದರು. ಅರ್ಧ ಗಂಟೆ ಆದ ಮೇಲೆ ನಾನು ಇಳಿದು ಬಂದರೆ ನಾನಾಯ್ ಮೇಜಿನ ಡ್ರಾಯರು ಕಿತ್ತು ನೆಲಕ್ಕೆ ಸುರಿದುಕೊಂಡು ಹುಡುಕುತ್ತಿದ್ದಾರೆ. ನನ್ನ ಕೈ ನೋಡಿದವರೇ ‘ಸೂಸ್ಮಾರ್ಯೋಸೆಪ್’ ಎಂದರು. ಯೇಸು, ಮೇರಿ, ಜೋಸೆಫ್ ಮೂವರನ್ನೂ ಒಂದೇ ಉಸಿರಿಗೆ ಕರೆಯುವ ಉದ್ಗಾರ ಅದು.

ನಾನು ಹೇಳಿದ್ದರ ಅರ್ಥ ‘ನಾನೂ ಕೀಲಿಕೈ ಉಳ್ಳವಳು’ ಎಂದಾಗಿತ್ತು. ಯಾವುದೋ ಒಂದು ಕೀಲಿಕೈ. ನಾನು ಬೇರೆ ಮಾಡಿಸಿಕೊಂಡಿದ್ದೇನೆ ಎಂದು ಅವರು ತಿಳಿದು, ತಮ್ಮದನ್ನು ಹುಡುಕುತ್ತಾ ಕೂತಿದ್ದರು. ‘ಮೈ’ ಹೇಳುವುದು ಗೊತ್ತಿಲ್ಲದ, ಹೊಸದಾದ ವಸ್ತುವಿನ ಸಂಗತಿಯನ್ನು. ಇಬ್ಬರಿಗೂ ಗೊತ್ತಿರುವ ‘ಆ’ ಕೀಲಿಕೈ ಎಲ್ಲಿದೆ ಎಂಬುದಕ್ಕೆ ಬೇರೆ ಮಾತು: ‘ನಾಸಾ’. ಅಮೆರಿಕದ ಸಂಸ್ಥೆಯ ಹೆಸರಿನ ಹಾಗೆಯೇ. ‘ನಾಸಾ ಆಕಿನ್ ಪೋ ಆಙ್ ಸೂಸಿ’, ಕೀಲಿಕೈ ನನ್ನ ಹತ್ತಿರ ಇದೆ. ನಾನು ಕೂಗಬೇಕಾಗಿದ್ದದ್ದು ಇದು. ಇನ್ನು ಕೀಲಿಕೈ ನನಗೇ ಸೇರಿದ್ದು ಅನ್ನಬೇಕಾದರೆ ‘ಆಕಿನ್ ಆಙ್ ಸೂಸಿ’, ಕೀಲಿಕೈ ನನ್ನದು. ಉಳ್ಳವಳು, ಹತ್ತಿರ ಇದೆ, ನನ್ನದು, ಈ ಮೂರಕ್ಕೆ ಮೂರು ರಚನೆ.

ಕನ್ನಡದಲ್ಲಿ ಮೊದಲೆರಡಕ್ಕೂ ನಾವು ‘ಇದೆ’ ಒಂದನ್ನೇ ಬಳಸಿ, ಪದಗಳನ್ನು ಹಿಂದೆ ಮುಂದೆ ಮಾಡಿ ಸುಧಾರಿಸುತ್ತೇವೆ. ‘ಮೇಜಿನ ಮೇಲೆ ಪುಸ್ತಕ ಇದೆ’, ಯಾವುದೋ ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’, ನೀವು ಕೇಳಿದ ಅದೇ ಪುಸ್ತಕ. ಮೊದಲನೆಯದು ‘ಮೈ ಲಿಬ್ರೋ ಸಾ ಮೇಸಾ’. ಎರಡನೆಯದು ‘ನಾಸಾ ಮೇಸಾ ಆಙ್ ಲಿಬ್ರೋ’. ಹಾಗಾಗಿ ತಗಾಲೋಗಿನಲ್ಲಿ ಬಾಯಿ ತೆರೆಯುವ ಮೊದಲು ಕನ್ನಡ ವಾಕ್ಯದಲ್ಲಿ ಪುಸ್ತಕ ಮುಂದೆ ಬಂತೋ ಹಿಂದೆ ಬಂತೋ ನೋಡಿಕೊಳ್ಳಿ. ಮುಂದೆ ಬಂದರೆ ನಾಸಾ, ಹಿಂದೆ ಉಳಿದರೆ ಮೈ. ನೂರಕ್ಕೆ ನೂರು ಸರಿಹೋಗುವ ಸೂತ್ರ ಅಲ್ಲ, ಆದರೆ ಡ್ರಾಯರು ಸುರಿಯುವ ಪ್ರಮೇಯ ಬರುವುದಿಲ್ಲ.

ಚೆಂದ ಏನು ಗೊತ್ತೇ? ‘ಇಲ್ಲ’ಕ್ಕೆ ಬಂದಾಗ ಈ ಭೇದವೆಲ್ಲ ಕರಗಿಹೋಗುತ್ತದೆ. ‘ಮೈ’ಗೂ ವಿರುದ್ಧ ವಲಾ, ‘ನಾಸಾ’ಗೂ ವಿರುದ್ಧ ವಲಾ. ‘ವಲಾ ಅಕೋಙ್ ಸೂಸಿ’, ನನಗೆ ಕೀಲಿಕೈ ಅನ್ನುವುದೇ ಇಲ್ಲ. ‘ವಲಾ ಸಾ ಆಕಿನ್ ಆಙ್ ಸೂಸಿ’, ಕೀಲಿಕೈ ನನ್ನ ಹತ್ತಿರ ಇಲ್ಲ. ಅದರಿಂದಲೇ ಹುಟ್ಟಿದ ಕ್ರಿಯಾಪದ ‘ನವಲಾ’, ಇಲ್ಲವಾಯಿತು, ಕಳೆದುಹೋಯಿತು. ಮುಂದಿನ ವರ್ಷ ನಾನು ಆ ಕೀಲಿಕೈಯನ್ನು ನಿಜಕ್ಕೂ ಕಳೆದೆ. ಆಗ ‘ನವಲಾ ಪೋ ಆಙ್ ಸೂಸಿ’ ಎಂದು ಸರಿಯಾಗಿಯೇ ಹೇಳಿದೆ. ವ್ಯಾಕರಣಕ್ಕೆ ಶಹಭಾಸ್ ಸಿಗಲಿಲ್ಲ.

ಈ ಹಂತದಲ್ಲಿ ಒಬ್ಬ ಹಿರಿಯರು ‘ಇತ್ತು, ಇರುತ್ತೆ ಅನ್ನೋದಕ್ಕೆ ಏನಮ್ಮಾ?’ ಎಂದು ಕೇಳಿದರು. ಏನೂ ಇಲ್ಲ. ‘ಮೈ’ಗೆ ಕಾಲ ಇಲ್ಲ. ನಿನ್ನೆ ಎಂದು ಸೇರಿಸಿದರೆ ಇತ್ತು, ನಾಳೆ ಎಂದು ಸೇರಿಸಿದರೆ ಇರುತ್ತದೆ. ‘ಮೈ ಕ್ಲಾಸೆ ಕಹಾಪೋನ್’, ನಿನ್ನೆ ಕ್ಲಾಸಿತ್ತು. ‘ಮೈ ಕ್ಲಾಸೆ ಬೂಕಸ್’, ನಾಳೆ ಕ್ಲಾಸಿದೆ. ಇಲ್ಲದ್ದು ಉಂಟಾಯಿತು ಅನ್ನಬೇಕಾದಾಗ ಮಾತ್ರ ‘ನಗ್ಕರೋಓನ್’ ಎಂಬ ಕ್ರಿಯಾಪದ ಬೇಕು. ನಮ್ಮ ‘ಉಂಟಾಯಿತು’ ಹೇಗೋ ಹಾಗೆ.

ಸರ್ವನಾಮದ ಬಗ್ಗೆ ಒಂದೇ ಮಾತು. ‘ನಮಗೆ ಮನೆ ಉಂಟು’ ಅನ್ನುವಾಗ ಎದುರಿನವರನ್ನು ಸೇರಿಸಿದರೆ ‘ತಾಯೋ’, ಬಿಟ್ಟರೆ ‘ಕಮೀ’. ಮೈಸೂರಿನವರಿಗೆ ಇದು ಕಷ್ಟ, ತುಳು ಬಲ್ಲವರಿಗೆ ಲೀಲಾಜಾಲ. ‘ನಮ’ ಮತ್ತು ‘ಎಂಕುಳು’ ಇದ್ದ ಹಾಗೆಯೇ. ‘ಮೈ ಬಾಹೈ ತಾಯೋ’ ಎಂದು ಬಾಯಿತಪ್ಪಿ ಪಕ್ಕದ ಮನೆಯವರಿಗೆ ಅಂದರೆ ನಿಮ್ಮ ಮನೆಯಲ್ಲಿ ಅವರ ಪಾಲೂ ಬರುತ್ತದೆ.

ಕ್ರಿಯಾಪದದ ಜೊತೆಗೂ ಮೈ, ವಲಾ ಬರುತ್ತವೆ. ತಗಾಲೋಗಿನಲ್ಲಿ ‘ಯಾರೋ’, ‘ಏನೋ’ ಅನ್ನುವುದಕ್ಕೆ ಹೆಚ್ಚಾಗಿ ಇದೇ ದಾರಿ. ‘ಮೈ ತುಮಾವಗ್’, ಯಾರೋ ಫೋನ್ ಮಾಡಿದ್ದರು. ಪದಶಃ ‘ಕರೆದವರುಂಟು’. ‘ವಲಾಙ್ ಸುಮಗೋತ್’, ಉತ್ತರ ಕೊಟ್ಟವರಿಲ್ಲ. ನಾವು ‘ಹೇಳೋರಿಲ್ಲ ಕೇಳೋರಿಲ್ಲ’ ಅನ್ನುತ್ತೇವಲ್ಲ, ಅದೇ ಅಚ್ಚು. ‘ಮೈ ಸಸಬೀಹಿನ್ ಅಕೋ ಸಾ ಇಯೋ’, ನಿನಗೊಂದು ಮಾತು ಹೇಳೋದಿದೆ. ಇದನ್ನು ಕೇಳಿದಾಗ ಯಾವ ಭಾಷೆಯಲ್ಲೇ ಆಗಲಿ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ‘ಏನು ಮಾಡ್ತಿದೀಯ?’ ಎಂದು ಕೇಳಿದರೆ ಅಲ್ಲಿನ ಹುಡುಗರು ‘ವಲಾ ಲಾಙ್’ ಅನ್ನುತ್ತಾರೆ. ನಮ್ಮ ಹುಡುಗರು ‘ಏನಿಲ್ಲ, ಸುಮ್ನೆ’. ಅನುವಾದಕ್ಕೆ ಇದಕ್ಕಿಂತ ಸುಲಭದ ವಾಕ್ಯ ನನಗೆ ಸಿಕ್ಕಿಲ್ಲ.

ಉಳ್ಳ, ಇಲ್ಲದ ಎಂಬ ನಮ್ಮ ಜೋಡಿಯ ಹಾಗೆ ಮೈ, ವಲಾಙ್ ಸೇರಿ ಅಲ್ಲಿ ಪದಕೋಶವನ್ನೇ ತುಂಬಿವೆ. ‘ಮೈ ಆರಿ’, ಸೊತ್ತುಳ್ಳವರು, ಮಾಲೀಕರು. ‘ಮೈ ಕಾಯಾ’, ಶಕ್ತಿಯುಳ್ಳವರು, ಅಂದರೆ ಅನುಕೂಲಸ್ಥರು. ‘ಮೈಬಾಹೈ’, ಮನೆಯುಳ್ಳವಳು, ಗೃಹಿಣಿ. ನಾನು ನಾನಾಯ್‌ಗೆ ನಮ್ಮಲ್ಲಿ ಗಂಡನನ್ನೇ ‘ಮನೆಯವರು’ ಅನ್ನುತ್ತೇವೆ ಎಂದಾಗ ಅವರು ತುಂಬ ಹೊತ್ತು ನಕ್ಕರು. ಬೈಗುಳದಲ್ಲಿ ಹೆಸರಾದದ್ದು ‘ವಲಾಙ್ ಹಿಯಾ’, ನಾಚಿಕೆ ಇಲ್ಲದವನು. ಅದಕ್ಕಿಂತ ಆಳವಾಗಿ ಗಾಯ ಮಾಡುವುದು ‘ವಲಾಙ್ ಊತಙ್ ನಾ ಲೋಓಬ್’. ಊತಙ್ ಅಂದರೆ ಸಾಲ, ಲೋಓಬ್ ಅಂದರೆ ಒಳಗು. ಒಳಗಿನ ಸಾಲ ಇಲ್ಲದವನು. ಕನ್ನಡದಲ್ಲಿ ನಾವು ‘ಋಣ’ ಅನ್ನುತ್ತೇವಲ್ಲ, ದುಡ್ಡಿನಲ್ಲಿ ತೀರದ ಆ ಋಣ. ಯಾರದಾದರೂ ಉಪಕಾರ ಪಡೆದು ಮರೆತವರ ಬಗ್ಗೆ ಈ ಮಾತು ಬಂತೆಂದರೆ ಆಮೇಲೆ ಆ ಮನೆಗಳ ನಡುವೆ ಅನ್ನ ನೀರು ನಡೆಯುವುದಿಲ್ಲ.

ಸಾಲದ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ಅದೇ ಲಗೂನಾ ಪ್ರಾಂತ್ಯದಲ್ಲಿ 1989ರಲ್ಲಿ ನದಿಯ ಹೂಳಿನೊಳಗೆ ಒಂದು ತಾಮ್ರಪಟ ಸಿಕ್ಕಿತು. ಭಾಷೆ ತಗಾಲೋಗ್ ಅಲ್ಲ, ಹೆಚ್ಚಿನದು ಹಳೆಯ ಮಲಯ್, ನಡುವೆ ಧಾರಾಳ ಸಂಸ್ಕೃತ. ಲಿಪಿಯ ಹೆಸರು ‘ಕವಿ’, ಪಲ್ಲವ ಲಿಪಿಯ ಪೀಳಿಗೆಯದು. ಅದು ಶುರುವಾಗುವ ರೀತಿ ನಮ್ಮ ಶಾಸನ ಓದಿದವರಿಗೆ ಹಳೆಯ ಪರಿಚಯ: ‘ಸ್ವಸ್ತಿ’ ಎಂದು ಹೇಳಿ, ಶಕ ವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಕ್ರಿಸ್ತಶಕ 900. ಇಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ. ವಿಷಯ ಏನೆಂದರೆ ನಮ್ವರನ್ ಎಂಬಾತನ ಸಾಲ, ಚಿನ್ನದಲ್ಲಿ 1 ಕಾತಿ 8 ಸುವರ್ಣ (ಎರಡೂ ತೂಕದ ಅಳತೆಗಳು), ಮನ್ನಾ ಆಗಿದೆ, ಅವನ ಮಕ್ಕಳನ್ನು ಇನ್ನು ಯಾರೂ ಕೇಳುವ ಹಾಗಿಲ್ಲ. ಫಿಲಿಪ್ಪೀನ್ಸಿನಲ್ಲಿ ಸಿಕ್ಕಿರುವ, ತೇದಿ ಇರುವ ಬರಹಗಳಲ್ಲಿ ಇದೇ ಅತಿ ಹಳೆಯದು. ಇವತ್ತಿನ ತಗಾಲೋಗಿನಲ್ಲಿ ಅದರ ಸಾರ ಹೇಳಲು ಮೂರೇ ಪದ ಸಾಕು: ‘ವಲಾ ನಾಙ್ ಊತಙ್’. ಸಾಲ ಇನ್ನಿಲ್ಲ.

ಕೊನೆಗೆ ಬೇಕಾಗುತ್ತದೆ ಎಂದು ಒಂದು ಮಾತು ಇಟ್ಟುಕೊಂಡಿದ್ದೆ. ನಾವು ಊರು ಬಿಡುವ ಹಿಂದಿನ ಸಂಜೆ ಅಂಗಡಿಯ ಆತೆಗೆ ಹೇಳಿಬರಲು ಹೋದೆ. ಆರು ವರ್ಷದಲ್ಲಿ ನಾಲಿಗೆ ಸಾಕಷ್ಟು ಸಡಿಲವಾಗಿತ್ತು. ಜಾಲರಿಯ ಈಚೆ ನಿಂತು, ನಾಳೆ ನಾನು ಇರುವುದಿಲ್ಲ ಎನ್ನಲು, ‘ಆತೆ, ಬೂಕಸ್, ವಲಾ ನಾ ಪೋ ಅಕೋ’ ಅಂದೆ. ಗಂಟಲು ಬೇರೆ ಕಟ್ಟಿತ್ತು.

ಆತೆಯ ಮುಖ ಬಿಳಿಚಿಕೊಂಡಿತು. ಥಟ್ಟನೆ ಶಿಲುಬೆಯ ಗುರುತು ಮಾಡಿಕೊಂಡು ‘ಆಯ್, ಹುವಾಗ್!’ ಅಂದಳು, ‘ಅಯ್ಯೋ, ಬೇಡ!’ ನಾನು ಹೇಳಿದ್ದು ಆಕೆಗೆ ‘ಅಕ್ಕಾ, ನಾಳೆ ನಾನು ಇನ್ನಿಲ್ಲ’ ಎಂದು ಕೇಳಿಸಿತ್ತು. ನಮ್ಮ ಮನೆಗಳಲ್ಲಿ ಹೊರಡುವಾಗ ‘ಹೋಗ್ತೇನೆ’ ಅಂದರೆ ಅಜ್ಜಿಯರು ‘ಬರ್ತೇನೆ ಅನ್ನು’ ಎಂದು ಗದರುತ್ತಿದ್ದದ್ದು ನೆನಪಾಯಿತು. ಆತೆ ಜಾಲರಿಯ ಕಿಂಡಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದುಕೊಂಡು ವಾಕ್ಯದ ಬಾಲಕ್ಕೆ ಒಂದೇ ಪದ ಸೇರಿಸಿ ಹೇಳಿಕೊಟ್ಟಳು: ‘ವಲಾ ನಾ ಪೋ ಅಕೋ ರೀತೋ.’ ರೀತೋ ಅಂದರೆ ಇಲ್ಲಿ. ಇಲ್ಲಿ ಇರುವುದಿಲ್ಲ. ಇನ್ನೊಮ್ಮೆ ಹೇಳು ಎಂದಳು, ಹೇಳಿದೆ. ದಾರಿಗೆ ಇರಲಿ ಎಂದು ಎರಡು ಪೊಟ್ಟಣ ಕಾಫಿಪುಡಿ ಹರಿದುಕೊಟ್ಟು, ದುಡ್ಡು ಕೊಡಲು ಹೋದರೆ ಚಿಲ್ಲರೆ ಇಲ್ಲ ಎಂದಳು.